‘ವಾರ್ಮ್’ ಬಾಡಿಗೆ ಕಟ್ಟಿದ ಮೇಲೂ ಹೀಟಿಂಗ್ ಬಿಲ್ ಬರುತ್ತಾ?

ಸರ್, ದಾವಣಗೆರೆಯಿಂದ ಜರ್ಮನಿಗೆ ಹೊರಟು ಅಕ್ಟೋಬರ್‌ನಲ್ಲಿ ಲೈಪ್‌ಜಿಗ್ ಸೇರೋ ಮಗನಿಗೆ 430 ಯೂರೋ ‘ವಾರ್ಮ್’ (ಹೀಟಿಂಗ್ ಸೇರಿದ) ಬಾಡಿಗೆ, ಹೀಟಿಂಗ್‌ಗೆ ಬೇರೆ ಹಣ ಎತ್ತಿಡಬೇಕಾ ಅಂತ ಕೇಳಿದ್ದೀರಿ. ಮೊದಲು ಕರಾರು ಪತ್ರ ನೋಡಿ. ‘ಪೌಶಾಲ್’ ಅಂತಿದ್ದರೆ ಅದು ನಿಗದಿತ ಮೊತ್ತ, ಚಿಂತೆಯಿಲ್ಲ. ‘ಫೋರೌಸ್‌ತ್ಸಾಲುಂಗ್’ ಅಂತಿದ್ದರೆ ಅದು ಬರೀ ಮುಂಗಡ; ಲೆಕ್ಕದ ವರ್ಷ ಮುಗಿದ ಮೇಲೆ 12 ತಿಂಗಳೊಳಗೆ ಯಾವಾಗ ಬೇಕಾದರೂ ಬಾಕಿ ಬಿಲ್ ಬರಬಹುದು, ಅಷ್ಟರಲ್ಲಿ ಹುಡುಗ ಮನೆ ಬದಲಿಸಿರಲೂಬಹುದು.

ಎಡವಟ್ಟಾಗೋದು ಇಲ್ಲಿ. ವರ್ಷದ ನಡುವೆ ಬಾಡಿಗೆದಾರ ಬದಲಾಗಿ, ಆ ಹೊತ್ತಿನ ಮೀಟರ್ ಅಂಕಿ ಸಿಗದಿದ್ದರೆ ಅಲ್ಲಿ ವರ್ಷದ ಹೀಟಿಂಗ್ ಖರ್ಚನ್ನು ತಿಂಗಳ ಚಳಿಗೆ ತಕ್ಕಂತೆ 1000 ಭಾಗ ಮಾಡ್ತಾರೆ: ಅಕ್ಟೋಬರ್ 80, ನವೆಂಬರ್ 120, ಡಿಸೆಂಬರ್ 160. ಜೂನ್, ಜುಲೈ, ಆಗಸ್ಟ್ ಮೂರೂ ಸೇರಿ ಬರೀ 40! ಹೀಟಿಂಗ್ ಮುಂಗಡ ತಿಂಗಳಿಗೆ 60 ಯೂರೋ ಅನ್ನಿ, ವರ್ಷಕ್ಕೆ 720; ಖರ್ಚೂ ಅಷ್ಟೇ ಆಯ್ತು, ಲೆಕ್ಕದ ವರ್ಷ ಡಿಸೆಂಬರ್‌ಗೆ ಮುಗೀತು ಅಂದುಕೊಳ್ಳಿ. ಡಿಸೆಂಬರ್‌ವರೆಗೆ ಮಗ ಕಟ್ಟಿರೋದು 180, ಅವನ ಪಾಲು 360 ಭಾಗ, ಅಂದರೆ ಸುಮಾರು 259. ಮಿತವಾಗಿ ಬಳಸಿದರೂ ಸುಮಾರು 80 ಯೂರೋ ಬಾಕಿ. ನಾನಾದರೆ 150 ತೆಗೆದಿಡಿ ಅಂತೀನಿ.

ಕೀಲಿ ಸಿಕ್ಕ ದಿನವೇ ಪ್ರತಿ ರೇಡಿಯೇಟರ್ (ಕೋಣೆ ಬಿಸಿ ಮಾಡೋ ಫಲಕ) ಮೇಲಿನ ಪುಟ್ಟ ಮೀಟರಿನ ಅಂಕಿ ಫೋಟೋ ತೆಗೆದಿಡಲಿ. ಅದರ ತಿರುಗಣೆ 3ರಲ್ಲಿದ್ದರೆ ಕೋಣೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗಲ್ಲ, ಹೆಚ್ಚು ಬಿಸಿಯಾಗುತ್ತೆ ಅಷ್ಟೇ. ಕಿಟಕಿ ದಿನವಿಡೀ ಓರೆ ಮಾಡಿಡೋದು ಬೇಡ, ಐದು ನಿಮಿಷ ಪೂರ್ತಿ ತೆರೆದು ಮುಚ್ಚಲಿ.

ಕರೆಂಟ್ ಹೀಟರ್ ಮಾತ್ರ ಕೊಡಿಸಬೇಡಿ. 2000 ವಾಟ್‌ನದ್ದು ದಿನಕ್ಕೆ 5 ಗಂಟೆ ಉರಿದರೆ 10 ಯೂನಿಟ್ ನುಂಗುತ್ತೆ; ಯೂನಿಟ್‌ಗೆ 35 ಸೆಂಟ್ ಹಿಡಿದರೂ ತಿಂಗಳಿಗೆ 105 ಯೂರೋ.