ಮೆಕ್ಕೆಜೋಳದ ದಂಟಿನ ಡ್ರಮ್: ತಪ್ಪು ಯೀಸ್ಟ್‌ನದ್ದಲ್ಲ

ಮೆಕ್ಕೆಜೋಳದ ಒಣ ದಂಟನ್ನು ಪುಡಿ ಮಾಡಿ, ನೀರು ಮತ್ತು ಬ್ರೆಡ್ ಯೀಸ್ಟ್ ಸೇರಿಸಿ ವಾರವಿಡೀ ಡ್ರಮ್ಮಿನಲ್ಲಿ ಇಟ್ಟರೂ ಎಥೆನಾಲ್‌ನ (ಇಂಧನವಾಗಿ ಉರಿಯುವ ಮದ್ಯಸಾರ) ಸುಳಿವಿಲ್ಲ, ಹುಳಿ ವಾಸನೆ ಮಾತ್ರ ಬರುತ್ತಿದೆ, ಬೇರೆ ಯೀಸ್ಟ್ ಹಾಕಲೇ ಅಥವಾ ಸಗಣಿ ಬೆರೆಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಆ ಡ್ರಮ್ಮಿನಲ್ಲಿ ಯೀಸ್ಟ್ ಉಪವಾಸ ಬಿದ್ದಿದೆ.

ಒಣ ದಂಟಿನ ತೂಕದಲ್ಲಿ ಹೆಚ್ಚುಕಡಿಮೆ ಶೇ. 35–40ರಷ್ಟು ಸೆಲ್ಯುಲೋಸ್, ಶೇ. 20–30ರಷ್ಟು ಹೆಮಿಸೆಲ್ಯುಲೋಸ್ ಇರುತ್ತದೆ. ಇವೆರಡೂ ಸಕ್ಕರೆಯ ಸರಪಳಿಗಳೇ. ಆದರೆ ಆ ಸರಪಳಿಯನ್ನು ಕತ್ತರಿಸುವ ಕಿಣ್ವ ಬ್ರೆಡ್ ಯೀಸ್ಟ್‌ನಲ್ಲಿ ಇಲ್ಲ. ಸಾಲದ್ದಕ್ಕೆ ಲಿಗ್ನಿನ್ ಎಂಬ ಗಟ್ಟಿ ಅಂಟು ಇಡೀ ನಾರನ್ನು ಮುಚ್ಚಿಕೊಂಡಿರುತ್ತದೆ. ದಂಟಿನಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಸಿಹಿಯನ್ನು ಬ್ಯಾಕ್ಟೀರಿಯಾಗಳು ಆಮ್ಲ ಮಾಡಿವೆ. ನಿಮಗೆ ಬಂದ ಹುಳಿ ವಾಸನೆ ಅದರದ್ದು. ಸಗಣಿ ಹಾಕಿದರೆ ಆಮ್ಲ ಇನ್ನೂ ಹೆಚ್ಚಿ ಕೊನೆಗೆ ಮೀಥೇನ್‌ನತ್ತ ಸಾಗುತ್ತದೆಯೇ ಹೊರತು ಎಥೆನಾಲ್ ಸಿಗುವುದಿಲ್ಲ.

ಮೊದಲು ಡ್ರಮ್ ಬಿಟ್ಟು ನೂರು ಗ್ರಾಂ ಒಣ ಪುಡಿಯಿಂದ ಆರಂಭಿಸಿ. ಅದನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದ ಶೇ. 2ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒಂದೆರಡು ದಿನ ನೆನೆಸಿ. ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಬೇಕು, ನೀರನ್ನು ಸೋಡಾದ ಮೇಲೆ ಸುರಿಯಬಾರದು. ಕನ್ನಡಕ, ಕೈಗವಸು ಕಡ್ಡಾಯ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ: ಅದು ಕರಗಿ ಹೈಡ್ರೋಜನ್ ಬಿಡುತ್ತದೆ. ದ್ರಾವಣ ಕಪ್ಪು ಕಷಾಯದಂತಾದರೆ ಲಿಗ್ನಿನ್ ಬಿಡುತ್ತಿದೆ ಎಂದರ್ಥ. ಆಮ್ಲ ಹಾಕಿ ಕುದಿಸುವ ದಾರಿಯೂ ಇದೆ, ಆದರೆ ಹೆಚ್ಚಿನ ಶಾಖದಲ್ಲಿ ಫರ್ಫುರಾಲ್‌ನಂಥ ವಸ್ತುಗಳು ಹುಟ್ಟಿ ಯೀಸ್ಟ್‌ನ ಬೆಳವಣಿಗೆಯನ್ನೇ ತಡೆಯುತ್ತವೆ. ಹೊಸಬರಿಗೆ ಕಾಸ್ಟಿಕ್ ಸೋಡಾದಂಥ ಕ್ಷಾರವೇ ವಾಸಿ.

ಆಮೇಲೆ ನಾರನ್ನು ಚೆನ್ನಾಗಿ ತೊಳೆಯಿರಿ. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಮುಂದಿನದ್ದೆಲ್ಲ ವ್ಯರ್ಥ. ಮತ್ತೆ ಒಂದು ಲೀಟರ್ ನೀರು ಸೇರಿಸಿ, ಸಿಟ್ರಿಕ್ ಆಮ್ಲದಿಂದ ಪಿಎಚ್ (ಹುಳಿ-ಕ್ಷಾರದ ಅಳತೆ) 5ಕ್ಕೆ ತಂದು, ಸೆಲ್ಯುಲೋಸ್ ಸರಪಳಿಯನ್ನು ಕತ್ತರಿಸುವ ಸೆಲ್ಯುಲೇಸ್ ಕಿಣ್ವ ಹಾಕಿ, 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ದಿನ ಆಗಾಗ ಕದಡುತ್ತಿರಿ. ಈ ಕಿಣ್ವವನ್ನು ಉದ್ಯಮದಲ್ಲಿ ಹೆಚ್ಚಾಗಿ ಟ್ರೈಕೋಡರ್ಮಾ ರೀಸಿ ಎಂಬ ಶಿಲೀಂಧ್ರದಿಂದ ತೆಗೆಯುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಸೈನಿಕರ ಹತ್ತಿಯ ಡೇರೆಗಳನ್ನು ತಿಂದುಹಾಕಿದ್ದು ಇದೇ. ಹಾಗೆಂದು ಬೆಳೆರೋಗಕ್ಕೆ ಬಳಸುವ ಟ್ರೈಕೋಡರ್ಮಾ ಪುಡಿಯನ್ನು ಡ್ರಮ್ಮಿಗೆ ಸುರಿಯಬೇಡಿ. ಬದುಕಿರುವ ಶಿಲೀಂಧ್ರ ತಾನು ಬಿಡಿಸಿದ ಸಕ್ಕರೆಯನ್ನು ತಾನೇ ತಿನ್ನುತ್ತದೆ. ನಮಗೆ ಬೇಕಾದದ್ದು ಶುದ್ಧ ಕಿಣ್ವ.

ಸಕ್ಕರೆ ಬಂತೋ ಇಲ್ಲವೋ ತಿಳಿಯಲು ಮೂತ್ರದಲ್ಲಿ ಗ್ಲೂಕೋಸ್ ನೋಡುವ ಪಟ್ಟಿ ಸಾಕು, ದ್ರವವನ್ನು ನೀರಿನಿಂದ ತೆಳು ಮಾಡಿಕೊಂಡು ಅದ್ದಿ. ಬಣ್ಣ ಬದಲಾದರೆ ಮಾತ್ರ 32 ಡಿಗ್ರಿಗೆ ಇಳಿಸಿ ಯೀಸ್ಟ್ ಹಾಕಿ, ಗಾಳಿ ಒಳಬರದಂತೆಯೂ ಇಂಗಾಲದ ಡೈಆಕ್ಸೈಡ್ ಹೊರಹೋಗುವಂತೆಯೂ ಮುಚ್ಚಿ. ಹೆಮಿಸೆಲ್ಯುಲೋಸ್‌ನ ಕ್ಸೈಲೋಸ್ ಸಕ್ಕರೆಯನ್ನು ಸಾಧಾರಣ ಯೀಸ್ಟ್ ಮುಟ್ಟುವುದಿಲ್ಲ, ಸದ್ಯಕ್ಕೆ ಅದರ ಆಸೆ ಬಿಡಿ.

ಈಗ ಲೆಕ್ಕ. ನೂರು ಗ್ರಾಂ ದಂಟಿನಲ್ಲಿ 38 ಗ್ರಾಂ ಸೆಲ್ಯುಲೋಸ್ ಇದ್ದರೆ ಅದು ಪೂರ್ತಿ ಒಡೆದಾಗ 42 ಗ್ರಾಂ ಗ್ಲೂಕೋಸ್ ಆಗುತ್ತದೆ. ಪ್ರತಿ ಗ್ರಾಂ ಗ್ಲೂಕೋಸ್‌ಗೆ ಗರಿಷ್ಠ 0.51 ಗ್ರಾಂ ಎಥೆನಾಲ್. ಅಂದರೆ ಹೆಚ್ಚೆಂದರೆ 21 ಗ್ರಾಂ, ಸುಮಾರು 27 ಮಿಲಿಲೀಟರ್. ಅರ್ಧ ದಕ್ಕಿದರೂ ಒಳ್ಳೆಯ ಫಲಿತಾಂಶ. ಅದೂ ಒಂದು ಲೀಟರ್ ನೀರಿನಲ್ಲಿ ಹರಡಿರುತ್ತದೆ, ಶೇ. 2 ಕೂಡ ದಾಟದು. ಇಷ್ಟು ತೆಳುವಾದದ್ದನ್ನು ಬಟ್ಟಿ ಇಳಿಸಲು ಸುಡುವ ಸೌದೆ, ಸಿಗುವ ಇಂಧನಕ್ಕಿಂತ ದುಬಾರಿ. ನೀರು ಕಡಿಮೆ ಹಾಕೋಣವೆಂದರೆ ನಾರು ಕೆಸರಾಗಿ ಕದಡಲಾಗದು. ದೊಡ್ಡ ಕಾರ್ಖಾನೆಗಳೂ ಇಲ್ಲಿಯೇ ಏದುಸಿರು ಬಿಡುತ್ತವೆ. ಸಾಧಾರಣ ಬಟ್ಟಿಯಲ್ಲಿ ಎಥೆನಾಲ್‌ನ ಪ್ರಮಾಣ ತೂಕದ ಲೆಕ್ಕಕ್ಕೆ ಶೇ. 95.6ರ ಮೇಲೆ ಏರುವುದೂ ಇಲ್ಲ, ಉಳಿದದ್ದು ನೀರೇ.

ಆದ್ದರಿಂದ ಪಂಪ್ ಓಡಿಸುವ ಉದ್ದೇಶವಿದ್ದರೆ ದಂಟನ್ನು ಕತ್ತರಿಸಿ ಸಗಣಿಯೊಂದಿಗೆ ಜೈವಿಕ ಅನಿಲ ಘಟಕಕ್ಕೆ ಹಾಕಿ. ಅಲ್ಲಿ ಬಟ್ಟಿಯ ಗೋಜಿಲ್ಲ, ಉಳಿದ ರಾಡಿ ಗೊಬ್ಬರವಾಗುತ್ತದೆ. ಎಥೆನಾಲೇ ಬೇಕೆಂದರೆ ಕೊಳೆಯುತ್ತಿರುವ ಹಣ್ಣಿನಂಥ ಸಿಹಿ ತ್ಯಾಜ್ಯ ನೋಡಿ, ಅದಕ್ಕೆ ಕ್ಷಾರವೂ ಬೇಡ, ಸೆಲ್ಯುಲೇಸೂ ಬೇಡ. ಕಲಿಯುವ ಹಂಬಲಕ್ಕಾದರೆ ಮೇಲಿನ ಪ್ರಯೋಗ ಖಂಡಿತ ಮಾಡಿ, ಆದರೆ ಹುದುಗುವ ಹಂತಕ್ಕೇ ನಿಲ್ಲಿಸಿ. ಬಟ್ಟಿ ಇಳಿಸಲು ಬಹುತೇಕ ದೇಶಗಳಲ್ಲಿ ಪರವಾನಗಿ ಬೇಕು, ಎಥೆನಾಲ್‌ನ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಕಿಣ್ವ ಹಾಕಿದ ಎರಡನೇ ದಿನ ಪಟ್ಟಿ ಯಾವ ಬಣ್ಣ ತೋರಿಸಿತು, ಪಿಎಚ್ ಎಷ್ಟಿತ್ತು ಎಂದು ಇಲ್ಲಿಯೇ ಬರೆಯಿರಿ, ಮುಂದಿನದ್ದು ನೋಡೋಣ.