ಪ್ರಶ್ನೆ: ದಾವಣಗೆರೆಯ ನಮ್ಮ ಹಾಸ್ಟೆಲ್‌ನಲ್ಲಿ ಸಂಜೆ ಹೊಸ ಮೊಬೈಲ್‌ಗಳಿಗೆ ಇಂಟರ್ನೆಟ್ ಸಿಗುವುದಿಲ್ಲ, ಲಿನಕ್ಸ್ ಗೇಟ್‌ವೇ (ಹಾಸ್ಟೆಲ್ ಜಾಲವನ್ನು ಇಂಟರ್ನೆಟ್‌ಗೆ ಜೋಡಿಸುವ ಯಂತ್ರ) ‘ನೇಬರ್ ಟೇಬಲ್ ಓವರ್‌ಫ್ಲೋ’ ಎನ್ನುತ್ತದೆ. ಏಕೆ?

ನೆರೆಯ ಸಾಧನಗಳ ಪಟ್ಟಿ ತುಂಬಿದೆ. ಮಿತಿ ಹೆಚ್ಚಿಸಿದರೆ ಸರಿಹೋಗುತ್ತದೆ; ಯಂತ್ರವನ್ನು ಬದಲಿಸಬೇಕಾಗಿಲ್ಲ.

ಒಂದೇ ಜಾಲದಲ್ಲಿರುವ ಸಾಧನಕ್ಕೆ ಡೇಟಾ ತಲುಪಿಸಲು ಅದರ ಐಪಿ ವಿಳಾಸಕ್ಕೆ ಹೊಂದುವ ಮ್ಯಾಕ್ ವಿಳಾಸ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತು, ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಗೊತ್ತಿರಬೇಕು. ಈ ಜೋಡಿಗಳನ್ನು ಅದು ಪಟ್ಟಿಯಲ್ಲಿ ಇಟ್ಟುಕೊಂಡು, ಹಳೆಯದನ್ನು ಆಗಾಗ ಗುಡಿಸುತ್ತದೆ. ಗುಡಿಸುವಿಕೆಗೆ ಮೂರು ಗೆರೆಗಳಿವೆ. ಸಾಮಾನ್ಯವಾಗಿ ನಮೂದುಗಳು 128ಕ್ಕಿಂತ ಕಡಿಮೆ ಇದ್ದರೆ ಏನನ್ನೂ ಮುಟ್ಟುವುದಿಲ್ಲ. 512 ದಾಟಿದ ಸ್ಥಿತಿಯನ್ನು 5 ಸೆಕೆಂಡಿಗಿಂತ ಹೆಚ್ಚು ಸಹಿಸುವುದಿಲ್ಲ. 1024 ಕಟ್ಟಕಡೆಯ ಗೋಡೆ: ತೆಗೆದುಹಾಕಬಹುದಾದ ನಮೂದು ಸಿಗದಿದ್ದರೆ ಹೊಸಬರಿಗೆ ಜಾಗವಿಲ್ಲ. ಬಳಕೆಯಲ್ಲಿರುವ ನಮೂದುಗಳನ್ನು ಅದು ಕೀಳುವುದಿಲ್ಲವಾದ್ದರಿಂದ, ಎಲ್ಲರೂ ಕೋಣೆಗೆ ಮರಳುವ ಹೊತ್ತಿಗೇ ತೊಂದರೆ ಕಾಣಿಸುತ್ತದೆ.

ಈ ಗೆರೆಗಳೇ ಆದ ‘ಜಿಸಿ_ಥ್ರೆಶ್’ (gc_thresh) ಹೆಸರಿನ ಮೂರೂ ಮೌಲ್ಯಗಳನ್ನು ಕರ್ನಲ್ ಸೆಟ್ಟಿಂಗ್ ಬದಲಿಸುವ ಸಿಸ್‌ಕಂಟ್ರೋಲ್ (sysctl) ಆಜ್ಞೆಯ ಮೂಲಕ ಏರಿಸಿ, ಉದಾಹರಣೆಗೆ 2048, 4096, 8192. ಕೊನೆಯದನ್ನಷ್ಟೇ ಏರಿಸಿದರೆ ಕರ್ನಲ್ ಸುಮ್ಮನೆ ಗುಡಿಸುತ್ತಲೇ ಇರುತ್ತದೆ. ಮೆಮೊರಿಯ ಖರ್ಚು ನಗಣ್ಯ. ಹೊಸ ಬಗೆಯ ಐಪಿ ವಿಳಾಸವಾದ ಐಪಿವಿ6ರ ಪಟ್ಟಿ ಬೇರೆಯೇ ಇದೆ, ಅದನ್ನು ಮರೆಯಬೇಡಿ.

ಜಾಲವನ್ನು ವಿಎಲ್ಯಾನ್‌ಗಳಾಗಿ, ಅಂದರೆ ಪ್ರತ್ಯೇಕ ಉಪಜಾಲಗಳಾಗಿ, ಒಡೆಯಿರಿ ಎಂದು ಹಲವರು ಸಲಹೆ ಕೊಡುತ್ತಾರೆ. ಎಲ್ಲವೂ ಅದೇ ಗೇಟ್‌ವೇಗೆ ಬಂದು ಸೇರುವುದಾದರೆ ಪಟ್ಟಿ ಒಂದಿಷ್ಟೂ ಚಿಕ್ಕದಾಗುವುದಿಲ್ಲ.

ಇರುವ ಸಾಧನಗಳೇ ಕೆಲವು ನೂರಾಗಿದ್ದೂ ಪಟ್ಟಿ ತುಂಬಿದರೆ, ಯಾರೋ ವಿಳಾಸಗಳನ್ನು ಸಾಲಾಗಿ ತಡಕುತ್ತಿರಬಹುದು. ಉತ್ತರಿಸದ ವಿಳಾಸಕ್ಕೂ ಕರ್ನಲ್ ತಾತ್ಕಾಲಿಕ ನಮೂದು ಮಾಡುತ್ತದೆ.