ಲಿವರ್ ಕ್ಯಾನ್ಸರ್ ಪ್ರಾಜೆಕ್ಟ್‌ಗೆ ಎಚ್‌ಎಸ್‌ಪಿ 70 ತಗೊಳ್ಳೋದಾ, ಎಚ್‌ಎಸ್‌ಪಿ 90 ತಗೊಳ್ಳೋದಾ?

ಎಂಎಸ್ಸಿ ಪ್ರಾಜೆಕ್ಟ್, ಹೆಪ್‌ಜಿ2 ಸೆಲ್ಸ್ (ಲ್ಯಾಬ್‌ನಲ್ಲಿ ಬೆಳೆಸೋ ಲಿವರ್ ಗೆಡ್ಡೆಯ ಸೆಲ್ಸ್), ಎಚ್‌ಎಸ್‌ಪಿ 70, ಎಚ್‌ಎಸ್‌ಪಿ 90 ಅನ್ನೋ ಹೀಟ್ ಶಾಕ್ ಪ್ರೋಟೀನ್‌ಗಳಲ್ಲಿ ಕ್ಯಾನ್ಸರ್ ತರೋದು ಯಾವುದು ಅಂತ ಕೇಳಿದ್ದೀರ. ನಾನೂ ಹೆಚ್ಚು ಕಮ್ಮಿ ಇದೇ ಪ್ರಶ್ನೆ ಹಿಡ್ಕೊಂಡು ಲ್ಯಾಬಿಗೆ ಹೋದೋನು.

ನಾನು ಮಾಡ್ತಿದ್ದಿದ್ದು ಇಷ್ಟು. ಹೆಪ್‌ಜಿ2ಗೆ 17-ಎಎಜಿ ಹಾಕೋದು, ಅದು ಎಚ್‌ಎಸ್‌ಪಿ 90ರಲ್ಲಿ ಎಟಿಪಿ (ಸೆಲ್‌ಗೆ ಶಕ್ತಿ ಕೊಡೋ ಅಣು) ಕೂರೋ ಜಾಗದಲ್ಲೇ ಕೂತ್ಕೊಂಡು ಅದರ ಕೆಲಸ ನಿಲ್ಲಿಸೋ ಡ್ರಗ್. ಆಮೇಲೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನ ಜೆಲ್‌ನಲ್ಲಿ ಬೇರ್ಪಡಿಸಿ ಆಂಟಿಬಾಡಿಯಿಂದ ಬ್ಯಾಂಡ್ ಆಗಿ ಗುರುತಿಸೋ ವಿಧಾನ) ಎಚ್‌ಎಸ್‌ಪಿ 70 ನೋಡೋದು. 90ನ್ನ ತಡೆದು 70 ಯಾಕೆ ನೋಡ್ಬೇಕು ಅಂದ್ರೆ, ಮಾಮೂಲಿಯಾಗಿ ಎಚ್‌ಎಸ್‌ಎಫ್1 ಅನ್ನೋ, ಜೀನ್ ಆನ್ ಮಾಡೋ ಫ್ಯಾಕ್ಟರ್‌ನ ಎಚ್‌ಎಸ್‌ಪಿ 90 ಹಿಡಿದಿಟ್ಟಿರುತ್ತೆ, ಡ್ರಗ್ ಬಂದಾಗ ಆ ಹಿಡಿತ ತಪ್ಪಿ ಎಚ್‌ಎಸ್‌ಎಫ್1 ನ್ಯೂಕ್ಲಿಯಸ್‌ಗೆ ಹೋಗಿ ಎಚ್‌ಎಸ್‌ಪಿ 70 ಜೀನ್ ಆನ್ ಮಾಡುತ್ತೆ. ಅಂದ್ರೆ 70 ಏರಿದ್ರೆ ಡ್ರಗ್ ಜಾಗಕ್ಕೆ ತಲುಪಿದೆ ಅಂತ ಲೆಕ್ಕ.

ನನ್ನ ಬ್ಲಾಟ್‌ನಲ್ಲಿ ಏರಲೇ ಇಲ್ಲ. ಡ್ರಗ್ ಹಾಕಿದ್ದೂ ಹಾಕದೇ ಇದ್ದಿದ್ದೂ ಒಂದೇ ಥರ ದಪ್ಪ ಬ್ಯಾಂಡ್. ನಾನು ಡೋಸ್ ಏರಿಸ್ತಾ ಹೋದೆ, ಕೊನೆಗೆ ಸೆಲ್ಸ್ ಎಲ್ಲಾ ಪ್ಲೇಟ್ ಬಿಟ್ಟು ಮೇಲೆ ತೇಲೋಕೆ ಶುರುವಾದ್ವು. ತಪ್ಪು ಇದ್ದಿದ್ದು ಆಂಟಿಬಾಡಿಯಲ್ಲಿ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಓದ್ಕೊಳ್ಳಿ ದಯವಿಟ್ಟು. ಎಚ್‌ಎಸ್‌ಪಿ 70 ಅಂದ್ರೆ ಒಂದು ಪ್ರೋಟೀನ್ ಅಲ್ಲ, ಒಂದು ಕುಟುಂಬ. ಸ್ಟ್ರೆಸ್ ಬಿದ್ದಾಗ ಏರೋದು ಎಚ್‌ಎಸ್‌ಪಿಎ1ಎ. ಆರಾಮಾಗಿರೋ ಸೆಲ್‌ನಲ್ಲೂ ಯಾವಾಗಲೂ ಧಾರಾಳವಾಗಿ ಇರೋದು ಎಚ್‌ಎಸ್‌ಪಿಎ8, ಅದನ್ನೇ ಎಚ್‌ಎಸ್‌ಸಿ 70 ಅಂತಾರೆ. ಎರಡರ ತೂಕವೂ 70 ಕಿಲೋಡಾಲ್ಟನ್ ಆಸುಪಾಸು, ಮಾಮೂಲಿ ಜೆಲ್‌ನಲ್ಲಿ ಎರಡೂ ಹತ್ತಿರಹತ್ತಿರವೇ ಕೂರುತ್ವೆ. ಲ್ಯಾಬ್ ಫ್ರಿಜ್‌ನಲ್ಲಿ ಇದ್ದ ವಯಲ್ ಮೇಲೆ ಬರೀ "ಎಚ್‌ಎಸ್‌ಪಿ 70" ಅಂತ ಬರೆದಿತ್ತು, ಕ್ಲೋನ್ (ಅಂದ್ರೆ ಆಂಟಿಬಾಡಿಯ ನಿರ್ದಿಷ್ಟ ತಳಿ) ಬಿಆರ್‌ಎಂ-22, ಅದು ಎರಡನ್ನೂ ಹಿಡಿಯುತ್ತೆ. ಏರೋದು ಏರ್ತಿತ್ತು, ಆದ್ರೆ ಯಾವಾಗಲೂ ಇರೋ ಆ ದೊಡ್ಡ ಬ್ಯಾಂಡ್ ಅಡಿ ಮುಚ್ಚಿಹೋಗ್ತಿತ್ತು.

ಇದು ಬೇಗ ಗೊತ್ತಾಗಬೇಕಿತ್ತು, ಯಾಕಂದ್ರೆ 43 ಡಿಗ್ರಿಯಲ್ಲಿ ಬಿಸಿ ಮಾಡಿಟ್ಟ, ಎಚ್‌ಎಸ್‌ಪಿ 70 ಏರಲೇಬೇಕಾದ ಪಾಸಿಟಿವ್ ಕಂಟ್ರೋಲ್‌ನಲ್ಲೂ ಏರಿಕೆ ಕಾಣ್ತಿರಲಿಲ್ಲ. ಆದ್ರೆ ನನ್ನ ಹತ್ರ ರೆಡಿಮೇಡ್ ಸಮಜಾಯಿಷಿ ಇತ್ತು: ಕ್ಯಾನ್ಸರ್ ಸೆಲ್ ಅಲ್ವಾ, ಮೊದಲೇ ಎಚ್‌ಎಸ್‌ಪಿ 70 ಜಾಸ್ತಿ ಇರುತ್ತೆ, ಇನ್ನೆಲ್ಲಿಂದ ಏರುತ್ತೆ ಅಂತ. ಆ ಮಾತು ಅರ್ಧ ನಿಜ ಬೇರೆ, ಅದಕ್ಕೇ ಯಾರೂ ಪ್ರಶ್ನೆ ಮಾಡಲಿಲ್ಲ, ಒಂದು ಸೆಮಿಸ್ಟರ್ ಹೋಯ್ತು, ಡ್ರಗ್ ಖಾಲಿಯಾಯ್ತು, ಥೀಸಿಸ್‌ನಲ್ಲಿ ಆ ಚಾಪ್ಟರ್ ಪೂರ್ತಿ ತೆಗೀಬೇಕಾಯ್ತು. ಸಿ92ಎಫ್3ಎ-5 ಅಂತ ಇನ್ನೊಂದು ಕ್ಲೋನ್ ಇದೆ, ಏರೋ ಎಚ್‌ಎಸ್‌ಪಿ 70 ಮಾತ್ರ ಹಿಡಿಯುತ್ತೆ. ಉಳಿದಿದ್ದ ಹಳೇ ಲೈಸೇಟ್‌ನೇ (ಸೆಲ್ಸ್ ಒಡೆದು ತೆಗೆದ ಪ್ರೋಟೀನ್ ದ್ರಾವಣ) ಅದರಲ್ಲಿ ನೋಡಿದಾಗ ಕಡಿಮೆ ಡೋಸ್‌ನಲ್ಲೇ ಬ್ಯಾಂಡ್ ಕಣ್ಣಿಗೆ ಹೊಡೆಯೋ ಹಾಗೆ ಏರಿತ್ತು.

ಈಗ ನಿಮ್ಮ ಪ್ರಶ್ನೆಗೆ. ಎರಡರಲ್ಲಿ ಕ್ಯಾನ್ಸರ್ ತರೋದು ಯಾವುದು ಅಂತ ಕೇಳೋದೇ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ಹೆಪಟೈಟಿಸ್ ಬಿ, ಕುಡಿತ, ಫ್ಯಾಟಿ ಲಿವರ್, ಸಿರೋಸಿಸ್, ಇಂಥದ್ರಲ್ಲಿ ವರ್ಷಗಟ್ಟಲೆ ಏಟು ತಿಂದ ಲಿವರ್ ಸೆಲ್‌ನ ಪ್ರೋಟೀನ್‌ಗಳು ಕೆಡದ ಹಾಗೆ ನೋಡ್ಕೊಳ್ಳೋದು ಇವುಗಳ ಕೆಲಸ, ಒಳ್ಳೇ ಸೆಲ್‌ಗೂ ಮಾಡ್ತವೆ, ಕೆಟ್ಟ ಸೆಲ್‌ಗೂ ಮಾಡ್ತವೆ. ಕ್ಯಾನ್ಸರ್ ಸೆಲ್ ಇವುಗಳನ್ನ ನೆಚ್ಕೊಂಡು ಬದುಕುತ್ತೆ. ಎಚ್‌ಎಸ್‌ಎಫ್1 ಇಲ್ಲದ ಇಲಿಗಳಿಗೆ ಡಿಇಎನ್ ಅನ್ನೋ ಲಿವರ್ ಕ್ಯಾನ್ಸರ್ ತರೋ ರಾಸಾಯನಿಕ ಕೊಟ್ರೂ ಲಿವರ್ ಗೆಡ್ಡೆ ತುಂಬಾ ಕಡಿಮೆ ಬಂತು ಅಂತ 2011ರಲ್ಲಿ ತೋರಿಸಿದಾರೆ. ಹಾಗಂತ ಚಿಕಿತ್ಸೆ ರೆಡಿ ಇದೆ ಅಂದ್ಕೋಬೇಡಿ. ಎಚ್‌ಎಸ್‌ಪಿ 90 ತಡೆದ್ರೆ ಏರೋ ಆ ಎಚ್‌ಎಸ್‌ಪಿ 70 ಕ್ಯಾನ್ಸರ್ ಸೆಲ್‌ನ ಉಳಿಸುತ್ತೆ, ಎಚ್‌ಎಸ್‌ಪಿ 90 ತಡೆಯೋ ಡ್ರಗ್‌ಗಳಲ್ಲಿ ಮೊದಲು ಬಂದ ಜೆಲ್ಡಾನಮೈಸಿನ್ ಲಿವರ್‌ಗೇ ವಿಷ ಆಯ್ತು, 2022ರಲ್ಲಿ ಜಪಾನ್ ಒಪ್ಪಿದ ಪಿಮಿಟೆಸ್ಪಿಬ್ ಕೂಡ ಜಿಸ್ಟ್ ಅನ್ನೋ ಜೀರ್ಣಾಂಗದ ಗೆಡ್ಡೆಗೆ, ಲಿವರ್ ಕ್ಯಾನ್ಸರ್‌ಗಲ್ಲ.

ಇವತ್ತು ಎಚ್‌ಎಸ್‌ಪಿ 70 ರೋಗಿಗೆ ನೇರವಾಗಿ ಉಪಯೋಗಕ್ಕೆ ಬರ್ತಿರೋದು ಪೆಥಾಲಜಿಯಲ್ಲಿ. ಸಿರೋಸಿಸ್ ಲಿವರ್‌ನಲ್ಲಿ ಸಣ್ಣ ಗಂಟು ಸಿಕ್ಕಿ ಅದು ಬರೀ ಡಿಸ್‌ಪ್ಲಾಸ್ಟಿಕ್ಕಾ (ಕ್ಯಾನ್ಸರ್ ಆಗೋಕೆ ಮುಂಚಿನ ಹಂತ) ಆರಂಭದ ಕ್ಯಾನ್ಸರ್ರಾ ಗೊತ್ತಾಗದೇ ಇದ್ದಾಗ ಎಚ್‌ಎಸ್‌ಪಿ 70, ಗ್ಲಿಪಿಕನ್-3, ಗ್ಲುಟಮಿನ್ ಸಿಂಥೆಟೇಸ್ ಮೂರೂ ಸ್ಟೇನ್ ಮಾಡ್ತಾರೆ, ಎರಡಾದ್ರೂ ಪಾಸಿಟಿವ್ ಬಂದ್ರೆ ಕ್ಯಾನ್ಸರ್ ಕಡೆಗೆ. ಬರೀ ಎಚ್‌ಎಸ್‌ಪಿ 70 ಒಂದನ್ನೇ ನಂಬಲ್ಲ. ಪಕ್ಕದ ಪಿತ್ತನಾಳದ ಸೆಲ್ಸೂ ಅದರಲ್ಲಿ ಬಣ್ಣ ಹಿಡಿಯುತ್ವೆ, ಆ ಸ್ಲೈಡ್‌ನಲ್ಲಿ ಸ್ಟೇನ್ ಸರಿಯಾಗಿ ಬಂದಿದೆಯಾ ಅಂತ ತಿಳಿಯೋಕೆ ಅದೇ ಅನುಕೂಲ.

ನಾನಾಗಿದ್ರೆ 70ಆ 90ಆ ಅನ್ನೋ ಲೆಕ್ಕಾಚಾರ ಬಿಟ್ಟು ಹತ್ತಿರದ ಮೆಡಿಕಲ್ ಕಾಲೇಜಿನ ಪೆಥಾಲಜಿಯವರ ಹತ್ರ ಹೋಗಿ ಈ ಮೂರು ಸ್ಟೇನ್ ಮೇಲೇ ಪ್ರಾಜೆಕ್ಟ್ ಮಾಡ್ತಿದ್ದೆ. ಎಥಿಕ್ಸ್ ಕಮಿಟಿ ಅರ್ಜಿ ಈಗಲೇ ಹಾಕಿ, ಅದು ತಡ ಆಗುತ್ತೆ. ಗೈಡ್ ಸೆಲ್ ಲೈನೇ ಆಗ್ಬೇಕು ಅಂದ್ರೆ ಹೆಪ್‌ಜಿ2 ಬೇಡ, ಅದು ಬಂದಿದ್ದು ಅರ್ಜೆಂಟೀನಾದ 15 ವರ್ಷದ ಹುಡುಗನ ಗೆಡ್ಡೆಯಿಂದ, ಹೆಪಟೋಬ್ಲಾಸ್ಟೋಮಾ (ಮಕ್ಕಳಲ್ಲಿ ಬರೋ ಬೇರೆ ಥರದ ಲಿವರ್ ಗೆಡ್ಡೆ) ಅಂತ ಆಮೇಲೆ ಗೊತ್ತಾಗಿದೆ, ಹುಹ್‌-7 (Huh-7) ಅನ್ನೋ ಲಿವರ್ ಕ್ಯಾನ್ಸರ್ ಸೆಲ್ ಲೈನ್ ಕೇಳಿ. ಆಂಟಿಬಾಡಿ ಆರ್ಡರ್ ಹಾಕೋ ಮುಂಚೆ ಡೇಟಾಶೀಟ್‌ನಲ್ಲಿ ಕ್ಲೋನ್ ಯಾವುದು, ಎಚ್‌ಎಸ್‌ಸಿ 70ನೂ ಹಿಡಿಯುತ್ತಾ ಅಂತ ನೋಡಿ, ಅರ್ಥ ಆಗದಿದ್ರೆ ಕ್ಲೋನ್ ಹೆಸರು ಕೆಳಗೆ ಹಾಕಿ, ನೋಡಿ ಹೇಳ್ತೀನಿ.